ಪದವಿಗೂ ಮುಪ್ಪುಂಟು

ವೈದ್ಯರ ಕೋಣೆಯ ಮುಂದೆ ಸರದಿಗಾಗಿ ಕಾದು ಕುಳಿತವರ ದೃಷ್ಟಿ ಗೋಡೆಯ ಕಡೆಗೆ ಹೋಗುವುದು ಸಹಜ. ಅಲ್ಲಿ ಗಾಜಿನ ಚೌಕಟ್ಟಿನೊಳಗೆ ವೈದ್ಯರ ಪದವಿಪತ್ರ ತೂಗುತ್ತಿರುತ್ತದೆ. ವಿಶ್ವವಿದ್ಯಾನಿಲಯದ ಹೆಸರು, ಕುಲಪತಿಗಳ ರುಜು, ದುಂಡನೆಯ ಮೊಹರು, ಇವುಗಳ ನಡುವೆ ಒಂದು ಇಸವಿ. ನಾವು ಹೆಸರನ್ನು ಓದುತ್ತೇವೆ, ಮೊಹರನ್ನು ನೋಡುತ್ತೇವೆ; ಇಸವಿಯನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಆ ಪತ್ರದಲ್ಲಿ ಹೆಚ್ಚು ವಿಚಾರ ಮಾಡತಕ್ಕದ್ದು ಆ ಇಸವಿಯನ್ನೇ. ಆ ವರ್ಷದಲ್ಲಿ ವೈದ್ಯಶಾಸ್ತ್ರಕ್ಕೆ ಏನೇನು ತಿಳಿದಿತ್ತೋ ಅದರಲ್ಲಿ ಇವರು ತೇರ್ಗಡೆಯಾದರು ಎಂದಷ್ಟೇ ಆ ಪತ್ರ ಸಾಕ್ಷಿ ನುಡಿಯುತ್ತದೆ. ಅನಂತರದ ಇಪ್ಪತ್ತು ಮೂವತ್ತು ವರ್ಷಗಳ ವಿಷಯದಲ್ಲಿ ಅದು ಮೂಕವಾಗಿರುತ್ತದೆ.

ಈ ಮೌನದಿಂದ ಏನು ಹಾನಿ ಎಂದು ಕೇಳಬಹುದು. ನಮ್ಮ ನಾಡಿಗೆ ತೀರ ಹತ್ತಿರವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಾವು ಕಚ್ಚಿದರೆ ಏನು ಮಾಡಬೇಕೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಕಚ್ಚಿದ ಜಾಗಕ್ಕಿಂತ ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು, ಗಾಯವನ್ನು ಕೊಯ್ದು ರಕ್ತವನ್ನು ಹರಿಯಬಿಡಬೇಕು, ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳನ್ನು ತಿಕ್ಕಬೇಕು ಎಂದು ಅವರು ಹೇಳಿಯಾರು. ಇದನ್ನು ಹಳ್ಳಿಯ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲಕ್ಕೆ ಪ್ರಥಮ ಚಿಕಿತ್ಸೆಯ ಪುಸ್ತಕಗಳೇ ಕಲಿಸಿದ ಪಾಠವಿದು. ಇಂದು ಈ ಮೂರೂ ಉಪಾಯಗಳು ನಿಷಿದ್ಧ. ಬಿಗಿಯಾದ ಕಟ್ಟು ರಕ್ತದ ಹರಿವನ್ನು ತಡೆದು ಕೈಕಾಲಿಗೇ ಅಪಾಯ ತರಬಲ್ಲದು. ಕೊಳಕುಮಂಡಲದ ವಿಷಕ್ಕೆ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುವ ಗುಣವಿರುವುದರಿಂದ, ಕೊಯ್ದ ಗಾಯದಿಂದ ರಕ್ತ ನಿಲ್ಲದೆ ಸೋರಬಹುದು. ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ, ಕೈಕಾಲು ಅಲುಗದಂತೆ ನೋಡಿಕೊಂಡು, ತಡಮಾಡದೆ ಆಸ್ಪತ್ರೆಗೆ ಸಾಗಿಸುವುದೊಂದೇ ಈಗ ಒಪ್ಪಿತವಾದ ಕ್ರಮ.

ಆಸ್ಪತ್ರೆ ಸೇರಿದ ಮೇಲೆ ವೈದ್ಯರ ಜ್ಞಾನಕ್ಕೆ ಪರೀಕ್ಷೆ ಮೊದಲಾಗುತ್ತದೆ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು ಸ್ವಲ್ಪ ತೆಗೆದುಕೊಂಡು, 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ನಳಿಕೆಯನ್ನು ಒಮ್ಮೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷವೇರಿದೆಯೆಂದು ತಿಳಿಯಬೇಕು. ಇದಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ, ತಿಳಿವಳಿಕೆಯೊಂದಿದ್ದರೆ ಸಾಕು. ಅದರಂತೆಯೇ, ರಾತ್ರಿ ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಬಂದು, ಅವನ ರೆಪ್ಪೆಗಳು ಜೋಲುತ್ತಿದ್ದರೆ, ಮೈಮೇಲೆ ಗಾಯವೇ ಕಾಣದಿದ್ದರೂ ಕಟ್ಟುಹಾವಿನ ಕಡಿತವಿರಬಹುದೆಂದು ವೈದ್ಯರಿಗೆ ಹೊಳೆಯಬೇಕು. ಭಾರತ ಸರ್ಕಾರವು ಹಾವಿನ ಕಡಿತದ ಚಿಕಿತ್ಸೆಗೆ ರಾಷ್ಟ್ರೀಯ ಕ್ರಮವೊಂದನ್ನು 2009ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ಸಂಗತಿಗಳ ಪಟ್ಟಿಗೆ ಸೇರಿಸಿತು. 1985ರಲ್ಲಿ ಪದವಿ ಪಡೆದ ವೈದ್ಯರ ಗೋಡೆಯ ಮೇಲಿನ ಪತ್ರದಲ್ಲಿ ಇವಾವುವೂ ಇಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ಇಂತಹ ನಾಡಿನಲ್ಲಿ ವೈದ್ಯರ ತಿಳಿವಳಿಕೆ ಹೊಸದೋ ಹಳೆಯದೋ ಎಂಬುದು ಅವರೊಬ್ಬರ ಸ್ವಂತ ವಿಷಯವಾಗಿ ಉಳಿಯಲಾರದು.

ಹಾಗಾದರೆ ಈ ತಿಳಿವಳಿಕೆ ಪದವಿಯ ಇಸವಿಯಲ್ಲಿಯೇ ನಿಂತುಹೋಗದಂತೆ ನೋಡಿಕೊಳ್ಳುವವರು ಯಾರು? ಬಹುಕಾಲ ಈ ಹೊಣೆಯನ್ನು ವೈದ್ಯರ ಆತ್ಮಸಾಕ್ಷಿಗೇ ಬಿಡಲಾಗಿತ್ತು. ವೈದ್ಯಪರವಾನಗಿಯ ನವೀಕರಣಕ್ಕೆ ನಿರಂತರ ಶಿಕ್ಷಣ ಕಡ್ಡಾಯವೆಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೊದಲು ವಿಧಿಸಿದ್ದು ನ್ಯೂ ಮೆಕ್ಸಿಕೊ ರಾಜ್ಯ, 1971ರಲ್ಲಿ. ನಮ್ಮ ದೇಶದಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನಡತೆಯ ನಿಯಮಗಳಲ್ಲಿ, ವೈದ್ಯರು ಐದು ವರ್ಷಕ್ಕೆ ಕಡಮೆಯೆಂದರೆ 30 ಗಂಟೆಗಳ ಕಾಲ ಇಂತಹ ಶಿಕ್ಷಣ ಸಭೆಗಳಲ್ಲಿ ಭಾಗವಹಿಸಬೇಕೆಂದು ಹೇಳಿತು. ನಮ್ಮ ರಾಜ್ಯದ ವೈದ್ಯರ ಹೆಸರುಗಳನ್ನು ದಾಖಲೆಯಲ್ಲಿಟ್ಟಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕೆಂದೂ ಅದಕ್ಕಾಗಿ 30 ಗಂಟೆಗಳ ಲೆಕ್ಕವನ್ನು ಒಪ್ಪಿಸಬೇಕೆಂದೂ ವಿಧಿಸಿದೆ. ಹಳೆಯ ಪರಿಷತ್ತಿನ ಸ್ಥಾನಕ್ಕೆ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ಆದರೆ ಅದೇ ತಿಂಗಳ 23ರಂದು ಅವುಗಳನ್ನು ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು.

ಈ ನವೀಕರಣದ ನಿಯಮದ ವಿಷಯದಲ್ಲಿ ಎರಡು ಪಕ್ಷಗಳಿವೆ. ನಿಯಮವೇ ಬೇಡವೆಂಬುದು ಒಂದು. ಗಂಟೆಗಳನ್ನು ಇನ್ನೂ ಹೆಚ್ಚಿಸಬೇಕೆಂಬುದು ಮತ್ತೊಂದು. ನಮ್ಮ ಅಭಿಪ್ರಾಯ ಈ ಎರಡಕ್ಕೂ ಸೇರಿದುದಲ್ಲ. ನವೀಕರಣ ಇರಲೇಬೇಕು, ಆದರೆ ಎಣಿಸಬೇಕಾದುದು ಗಂಟೆಗಳನ್ನಲ್ಲ, ಕಲಿಕೆಯನ್ನು. ಈ ಅಭಿಪ್ರಾಯಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು, ನವೀಕರಣ ಏಕೆ ಬೇಕು? ವೃತ್ತಿಯ ಜ್ಞಾನ ಎರಡು ವಿಧದಲ್ಲಿ ಹಳತಾಗುತ್ತದೆ. ಒಂದು, ಶಾಸ್ತ್ರ ಮುಂದೆ ಹೋಗುತ್ತದೆ, ಶಾಸ್ತ್ರಜ್ಞ ಹಿಂದೆ ಉಳಿಯುತ್ತಾನೆ. ಹೊಟ್ಟೆಯ ಹುಣ್ಣಿನ ಕಥೆ ಇದಕ್ಕೆ ನಿದರ್ಶನ. ಚಿಂತೆ, ಖಾರದ ಊಟ, ಜಠರದಲ್ಲಿ ಹೆಚ್ಚಾದ ಆಮ್ಲ, ಇವುಗಳಿಂದ ಹುಣ್ಣಾಗುತ್ತದೆಂದು ವೈದ್ಯವಿದ್ಯಾರ್ಥಿಗಳು ತಲೆಮಾರುಗಳಿಂದ ಓದಿಕೊಂಡು ಬಂದಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದಿಂದ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯವನ್ನು ತೆಗೆದು ಬೆಳೆಸಿ, ಹುಣ್ಣಿಗೆ ಅದೇ ಮುಖ್ಯ ಕಾರಣವೆಂದರು. ಬಹುಮಂದಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡರು. ಇಂತಹ ಹುಣ್ಣಿಗೆ ಆಂಟಿಬಯಾಟಿಕ್ ಕೊಡಬೇಕೆಂದು ಅಮೆರಿಕದ ತಜ್ಞರ ಸಭೆ ಅಧಿಕೃತವಾಗಿ ಹೇಳಿದ್ದು 1994ರಲ್ಲಿ. ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದುದು 2005ರಲ್ಲಿ. 1980ರಲ್ಲಿ ಪದವಿ ಪಡೆದು, ಮತ್ತೆ ಪುಸ್ತಕ ತೆರೆಯದ ವೈದ್ಯರೊಬ್ಬರನ್ನು ಊಹಿಸಿಕೊಳ್ಳಿ. ಅವರು ಎಷ್ಟೇ ದಯಾಳುವಾಗಿರಲಿ, ಎರಡು ವಾರದ ಮಾತ್ರೆಗಳಿಂದ ಗುಣವಾಗಬಹುದಾದ ರೋಗಿಗೆ ಜೀವಮಾನವೆಲ್ಲ ಪಥ್ಯವನ್ನೂ ಸಮಾಧಾನವನ್ನೂ ಹೇಳುತ್ತಿರುತ್ತಾರೆ.

ಇದಕ್ಕಿಂತಲೂ ದುಃಖಕರವಾದುದು ಹಸುಗೂಸುಗಳ ನಿದ್ರೆಯ ವಿಷಯ. ಕೂಸನ್ನು ಬೋರಲಾಗಿ ಮಲಗಿಸುವುದು ಕ್ಷೇಮವೆಂದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಬೋಧಿಸುತ್ತಿದ್ದರು. ನಿದ್ರೆಯಲ್ಲಿ ಕೂಸುಗಳು ಹಠಾತ್ತನೆ ಸಾಯುವುದಕ್ಕೂ ಬೋರಲು ಮಲಗುವುದಕ್ಕೂ ಸಂಬಂಧವಿದೆಯೆಂಬ ಸಾಕ್ಷ್ಯ 1970ರ ಹೊತ್ತಿಗೇ ದೊರೆಯುತ್ತಿತ್ತು. ಆದರೂ ಬ್ರಿಟನ್ನಿನಲ್ಲಿ ಅಂಗಾತ ಮಲಗಿಸಿರೆಂಬ ಪ್ರಚಾರ ನಡೆದುದು 1991ರಲ್ಲಿ. ಸಾಕ್ಷ್ಯವನ್ನು ಆಗಲೇ ಕ್ರಮವಾಗಿ ಕಲೆಹಾಕಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪು, ಅಮೆರಿಕ, ಆಸ್ಟ್ರೇಲಿಯ ಭಾಗಗಳಲ್ಲಿ ಕಡಮೆಯೆಂದರೆ 50,000 ಕೂಸುಗಳ ಸಾವು ತಪ್ಪಬಹುದಾಗಿತ್ತೆಂದು 2005ರ ಒಂದು ಪರಿಶೀಲನೆ ತೋರಿಸಿತು. ತಪ್ಪು ಬುದ್ಧಿ ಹೇಳಿದವರು ಕ್ರೂರಿಗಳಲ್ಲ, ಅವಿದ್ಯಾವಂತರಲ್ಲ. ಕಲಿತುದನ್ನು ಮತ್ತೆ ಪರೀಕ್ಷಿಸಿ ನೋಡಲಿಲ್ಲ, ಅಷ್ಟೆ.

ಜ್ಞಾನ ಹಳತಾಗುವ ಎರಡನೆಯ ವಿಧ ಮರೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಕಾಲದ ಮೇಲೆ ಎಷ್ಟು ನೆನಪಿನಲ್ಲಿರುತ್ತದೆಂದು ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ಮರೆವು ಸಮವೇಗದಲ್ಲಿ ನಡೆಯುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಭಾಗ ಜಾರಿಹೋಗಿ, ಉಳಿದುದು ನಿಧಾನವಾಗಿ ಸವೆಯುತ್ತದೆ. ನಡುನಡುವೆ ಮೆಲುಕು ಹಾಕಿದರೆ ಮಾತ್ರ ನೆನಪು ನಿಲ್ಲುತ್ತದೆ. ಕೈಯ ವಿದ್ಯೆಗೂ ಈ ಮಾತು ಸಲ್ಲುತ್ತದೆ. ನಿಂತ ಹೃದಯವನ್ನು ಎದೆಯೊತ್ತಿ ಮತ್ತೆ ನಡೆಸುವ ವಿದ್ಯೆಯನ್ನು ಕಲಿತವರು ಅಭ್ಯಾಸ ಬಿಟ್ಟರೆ ಕೆಲವು ತಿಂಗಳುಗಳಲ್ಲಿಯೇ ಅವರ ಕೈ ತಪ್ಪತೊಡಗುತ್ತದೆ. ಜೊತೆಗೆ ವಿದ್ಯೆಯೂ ಬದಲಾಗುತ್ತದೆ: ಮೊದಲು ಉಸಿರು ಊದಿ ಬಳಿಕ ಎದೆ ಒತ್ತಬೇಕೆಂದಿದ್ದ ಕ್ರಮವನ್ನು, ದೊಡ್ಡವರ ವಿಷಯದಲ್ಲಿ ಮೊದಲು ಎದೆ ಒತ್ತಬೇಕೆಂದು 2010ರಲ್ಲಿ ತಿದ್ದಲಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. "ಅನುಭವಕ್ಕಿಂತ ದೊಡ್ಡ ಗುರುವುಂಟೆ? ಮೂವತ್ತು ವರ್ಷ ರೋಗಿಗಳನ್ನು ನೋಡಿದವರಿಗೆ ಇನ್ನು ಪಾಠವೇಕೆ?" ಈ ಮಾತನ್ನು ಲಘುವಾಗಿ ಕಾಣಲಾಗದು. ನಾಡಿ ಹಿಡಿದ ಕೈಗೆ ಪುಸ್ತಕ ಕಲಿಸಲಾಗದ ಎಷ್ಟೋ ವಿಷಯಗಳು ತಿಳಿದಿರುತ್ತವೆ. ಆದರೆ ಅನುಭವವು ಹಳೆಯದನ್ನು ಗಟ್ಟಿಮಾಡುವಷ್ಟು ಸುಲಭವಾಗಿ ಹೊಸದನ್ನು ತಂದುಕೊಡುವುದಿಲ್ಲ. ವೈದ್ಯರ ಅನುಭವದ ವರ್ಷಗಳಿಗೂ ಚಿಕಿತ್ಸೆಯ ಗುಣಕ್ಕೂ ಇರುವ ಸಂಬಂಧವನ್ನು ನೋಡಿದ 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಸಂಶೋಧಕರು ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಷಗಳು ಏರಿದಂತೆ ಗುಣ ಇಳಿದಿತ್ತು. ತಮ್ಮ ಕೊರತೆ ತಮಗೇ ತಿಳಿಯುತ್ತದೆ, ಹೇಳುವವರೇಕೆ ಎಂಬ ವಾದವೂ ನಿಲ್ಲುವುದಿಲ್ಲ. ವೈದ್ಯರು ತಮ್ಮನ್ನು ತಾವೇ ಅಳೆದುಕೊಂಡುದನ್ನೂ ಇತರರು ಅವರನ್ನು ಅಳೆದುದನ್ನೂ ಹೋಲಿಸಿದ 20 ನಿದರ್ಶನಗಳಲ್ಲಿ 13ರಲ್ಲಿ ಎರಡಕ್ಕೂ ಸಂಬಂಧ ಅತ್ಯಲ್ಪವಾಗಿತ್ತು, ಇಲ್ಲವೆ ವಿರುದ್ಧವಾಗಿತ್ತು ಎಂದು 2006ರಲ್ಲಿ ಬಂದ ಒಂದು ಪರಿಶೀಲನೆ ಹೇಳುತ್ತದೆ. ತನ್ನ ಬೆನ್ನು ತನಗೆ ಕಾಣದೆಂಬುದು ವೈದ್ಯರೊಬ್ಬರ ದೋಷವಲ್ಲ, ಮನುಷ್ಯಮಾತ್ರರ ದೋಷ. ಆದುದರಿಂದಲೇ ಹೊರಗಿನ ಒಂದು ಕಣ್ಣು, ನಿಯತಕಾಲಕ್ಕೆ ಒಮ್ಮೆ, ಎಲ್ಲರಿಗೂ ಬೇಕು.

ನವೀಕರಣದ ಪಕ್ಷದಲ್ಲಿ ಇಷ್ಟು ಹೇಳಿದ ಮೇಲೆ, ಅದು ಈಗ ನಡೆಯುತ್ತಿರುವ ರೀತಿಯ ಕಡೆಗೆ ತಿರುಗೋಣ. 30 ಗಂಟೆ ಎಂದರೆ ಎಷ್ಟು? ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ದುಡಿಯುವ ವೈದ್ಯರು ಐದು ವರ್ಷಗಳಲ್ಲಿ 12,000 ಗಂಟೆ ದುಡಿಯುತ್ತಾರೆ. ಅದರಲ್ಲಿ 30 ಗಂಟೆ ನಾನೂರರಲ್ಲಿ ಒಂದು ಪಾಲು. ತಿಂಗಳಿಗೆ ಅರ್ಧ ಗಂಟೆ. ಇದು ಹೊರಲಾರದ ಹೊರೆಯೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಆ ಅರ್ಧ ಗಂಟೆಯಲ್ಲಿ ನಡೆಯುವುದೇನು? ದೊಡ್ಡ ಸಭಾಂಗಣ, ಅರೆಗತ್ತಲೆ, ತೆರೆಯ ಮೇಲೆ ಒಂದರ ಹಿಂದೊಂದು ಸರಿಯುವ ಚಿತ್ರಗಳು, ವೇದಿಕೆಯ ಮೇಲೊಬ್ಬರು ಹೇಳುವುದು, ಕೆಳಗೆ ಮುನ್ನೂರು ಜನ ಕೇಳುವುದು. ಬಾಗಿಲಲ್ಲಿ ರುಜು ಹಾಕಿ, ಊಟದ ಹೊತ್ತಿಗೆ ಮನೆಯ ದಾರಿ ಹಿಡಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಕೊನೆಯವರೆಗೆ ಕುಳಿತವರಿಗೂ ಎದ್ದು ಹೋದವರಿಗೂ ಸಿಗುವ ಗಂಟೆಗಳ ಲೆಕ್ಕ ಒಂದೇ.

ಕುಳಿತು ಕೇಳಿದವರಾದರೂ ಕಲಿತರೇ? ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿದೆ. ಬರಿಯ ಉಪನ್ಯಾಸಗಳನ್ನು ಕೇಳಿದುದರಿಂದ ವೈದ್ಯರ ನಡೆ ಬದಲಾಗುವುದಿಲ್ಲವೆಂದೂ, ತಾವೇ ಮಾತನಾಡಿ, ಕೈಯಾರೆ ಮಾಡಿ ನೋಡುವ ಪಾಠಗಳಿಂದ ಮಾತ್ರ ಬದಲಾಗುವುದುಂಟೆಂದೂ 1999ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. 81 ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2009ರ ಇನ್ನೊಂದು ದೊಡ್ಡ ಪರಿಶೀಲನೆಯಲ್ಲಿ, ಶಿಕ್ಷಣಸಭೆಗಳಿಂದ ವೈದ್ಯರ ನಡೆಯಲ್ಲಿ ಆದ ಸುಧಾರಣೆ ಸುಮಾರು ನೂರಕ್ಕೆ 6 ಮಾತ್ರ. ವಿದ್ಯಾರ್ಥಿಗಳಾದ ನಿಮಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು. ಇನ್ನು ಕೆಲವರಿಗೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ವಾರ ಕಳೆದ ಮೇಲೆ ಮತ್ತೆ ಓದಿದವರಿಗೆ ನೂರಕ್ಕೆ 42ರಷ್ಟು ನೆನಪಿದ್ದರೆ, ಬರೆದವರಿಗೆ 56ರಷ್ಟು ನೆನಪಿತ್ತು. ಪ್ರಶ್ನೆಗೆ ಉತ್ತರ ಹುಡುಕುವ ಶ್ರಮವೇ ಕಲಿಕೆ. ಕಿವಿಗೆ ಬಿದ್ದುದೆಲ್ಲ ಕಲಿಕೆಯಲ್ಲ. ಗಂಟೆಗಳನ್ನು ಹೆಚ್ಚಿಸಿರೆನ್ನುವವರಿಗೆ ನಮ್ಮ ಉತ್ತರವೂ ಇದೇ. ಮೂವತ್ತನ್ನು ಅರವತ್ತು ಮಾಡಿದರೆ ಸಭಾಂಗಣಗಳು ತುಂಬಬಹುದು, ತಲೆಗಳು ತುಂಬಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಇಂತಹ ಸಭೆಗಳ ಖರ್ಚನ್ನು ಅನೇಕ ವೇಳೆ ಔಷಧದ ಕಂಪೆನಿಗಳು ಹೊರುತ್ತವೆ. ಊಟ ಹಾಕಿದವರ ಮಾತ್ರೆಯನ್ನು ದೂರುವ ಉಪನ್ಯಾಸ ಅಪರೂಪ. ಔಷಧ ಕಂಪೆನಿಗಳು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಣ ಕೊಡುವ ಶಿಕ್ಷಣಸಭೆಗಳಲ್ಲಿ ವೈದ್ಯರು ಭಾಗವಹಿಸಬಾರದೆಂದು 2023ರ ನಿಯಮಗಳಲ್ಲಿ ಹೇಳಲಾಗಿತ್ತು. ನಿಯಮಗಳನ್ನು ತಡೆಹಿಡಿದಾಗ ಈ ಮಾತೂ ಅವುಗಳೊಡನೆ ಮೂಲೆಗೆ ಸೇರಿತು. ಕಡ್ಡಾಯವಾಗಿ ಕಲಿಯಿರೆಂದು ಸರ್ಕಾರ ಹೇಳುವುದು, ಕಲಿಸುವ ಮಂಟಪವನ್ನು ವ್ಯಾಪಾರಿಗಳಿಗೆ ಬಿಡುವುದು, ಇವೆರಡೂ ಹೊಂದಿಕೊಳ್ಳುವುದಿಲ್ಲ.

ಬೇರೆ ವೃತ್ತಿಯವರು ಏನು ಮಾಡುತ್ತಾರೆ? ವಿಮಾನಚಾಲಕರನ್ನು ನೋಡೋಣ. ಪ್ರಯಾಣಿಕರ ವಿಮಾನ ನಡೆಸುವವರು ಅಂತರರಾಷ್ಟ್ರೀಯ ನಿಯಮದ ಪ್ರಕಾರ ವರ್ಷಕ್ಕೆ ಎರಡು ಬಾರಿ ತಮ್ಮ ಕೌಶಲವನ್ನು ಪರೀಕ್ಷೆಗೆ ಒಡ್ಡಬೇಕು. ವಿಮಾನದ ಮುಂಭಾಗವನ್ನೇ ಹೋಲುವ ಯಂತ್ರದಲ್ಲಿ ಅವರನ್ನು ಕೂರಿಸಿ, ಏರುವ ಹೊತ್ತಿಗೆ ಒಂದು ಎಂಜಿನ್ ನಿಂತರೆ ಏನು ಮಾಡುವಿರಿ, ಬೆಂಕಿ ಹೊತ್ತಿದರೆ ಏನು ಮಾಡುವಿರಿ ಎಂದು ಮಾಡಿಸಿ ನೋಡುತ್ತಾರೆ. ಎಷ್ಟು ಗಂಟೆ ಉಪನ್ಯಾಸ ಕೇಳಿದಿರೆಂಬ ಪ್ರಶ್ನೆಯಿಂದ ಅಲ್ಲಿ ಕೆಲಸ ಮುಗಿಯುವುದಿಲ್ಲ. ಮೂವತ್ತು ವರ್ಷ ಹಾರಿದ ಚಾಲಕರಿಗೂ ವಿನಾಯಿತಿಯಿಲ್ಲ. ಅದನ್ನು ಅವರು ಅವಮಾನವೆಂದು ಎಣಿಸುವುದೂ ಇಲ್ಲ. ವಿಮಾನ ಬಿದ್ದರೆ ಚಾಲಕನೂ ಬೀಳುತ್ತಾನೆ, ವೈದ್ಯರ ತಪ್ಪಿಗೆ ಸಾಯುವವನು ರೋಗಿ ಮಾತ್ರ. ಹೀಗಿರುವಾಗ ವೈದ್ಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕಲ್ಲವೆ?

ವೈದ್ಯವೃತ್ತಿಯಲ್ಲಿಯೇ ಮೇಲ್ಪಂಕ್ತಿಗಳಿಲ್ಲದಿಲ್ಲ. 1969ರಲ್ಲಿ ಸ್ಥಾಪಿತವಾದ ಅಮೆರಿಕದ ಕುಟುಂಬವೈದ್ಯರ ಮಂಡಲಿ ತಾನು ಕೊಡುವ ಪ್ರಮಾಣಪತ್ರಕ್ಕೆ ಮೊದಲಿನಿಂದಲೇ ಏಳು ವರ್ಷದ ಅವಧಿಯನ್ನು ಹಾಕಿತು. ಬ್ರಿಟನ್ನಿನಲ್ಲಿ 2012ರ ಡಿಸೆಂಬರಿನಿಂದ ವೈದ್ಯರ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ದೃಢಪಡಿಸುವ ಪದ್ಧತಿ ಬಂದಿದೆ. ಅಲ್ಲಿ ವೈದ್ಯರು ಪ್ರತಿವರ್ಷವೂ ಮತ್ತೊಬ್ಬ ವೈದ್ಯರೊಡನೆ ಕುಳಿತು ತಮ್ಮ ಕೆಲಸವನ್ನು ವಿಮರ್ಶಿಸಬೇಕು. ಏನು ಕಲಿತೆ, ಯಾವುದನ್ನು ಸುಧಾರಿಸಿದೆ, ಎಲ್ಲಿ ತಪ್ಪಾಯಿತು, ಸಹೋದ್ಯೋಗಿಗಳೂ ರೋಗಿಗಳೂ ಏನು ಹೇಳುತ್ತಾರೆ, ದೂರುಗಳೆಷ್ಟು ಬಂದುವು ಎಂಬುದೆಲ್ಲವನ್ನೂ ಮುಂದಿಡಬೇಕು. ಹಾಗೆಂದು ಕಠಿಣವಾದುದೆಲ್ಲ ಒಳ್ಳೆಯದೆಂದಲ್ಲ. ಅಮೆರಿಕದ ಇನ್ನೊಂದು ವೈದ್ಯಮಂಡಲಿ 2014ರಲ್ಲಿ ತನ್ನ ನವೀಕರಣದ ಷರತ್ತುಗಳನ್ನು ಬಿಗಿಮಾಡಿದಾಗ ವೈದ್ಯರಿಂದ ಬಲವಾದ ಪ್ರತಿಭಟನೆ ಬಂದಿತು. ತಾವು ದಿನವೂ ಮಾಡುವ ಕೆಲಸಕ್ಕೂ ಈ ಷರತ್ತುಗಳಿಗೂ ಸಂಬಂಧವಿಲ್ಲ, ಸಮಯವೂ ಹಣವೂ ದಂಡವೆಂದು ಅವರು ದೂರಿದರು. 2015ರ ಫೆಬ್ರವರಿಯಲ್ಲಿ ಮಂಡಲಿ ಬಹಿರಂಗವಾಗಿ ಕ್ಷಮೆ ಕೇಳಿ ಹಲವು ಷರತ್ತುಗಳನ್ನು ಹಿಂದೆಗೆದುಕೊಂಡಿತು. ಕೆಲಸಕ್ಕೆ ಹತ್ತಿರವಾದ ಪರೀಕ್ಷೆಯನ್ನು ಜನ ಗೌರವಿಸುತ್ತಾರೆ; ದೂರವಾದುದನ್ನು ದಂಡವೆಂದು ತಿಳಿಯುತ್ತಾರೆ. ಇದು ನಾವು ಮರೆಯಬಾರದ ಪಾಠ.

ಈ ಪಾಠಗಳನ್ನು ನಮ್ಮ ನಾಡಿಗೆ ಹೊಂದಿಸುವುದು ಹೇಗೆ? ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿರುವುದು ಒಬ್ಬರೇ ವೈದ್ಯರು. ಎರಡು ದಿನದ ಸಮ್ಮೇಳನಕ್ಕೆ ಅವರು ಬೆಂಗಳೂರಿಗೆ ಹೋದರೆ, ಆ ಎರಡು ದಿನ ಹಾವು ಕಚ್ಚಿದವರನ್ನು ನೋಡುವವರಾರು? ಹೋಗದಿದ್ದರೆ ಅವರ ಗಂಟೆಗಳು ತುಂಬುವುದೆಂತು? ಎಲ್ಲರಿಗಿಂತ ಹೆಚ್ಚಾಗಿ ಹೊಸ ತಿಳಿವಳಿಕೆ ಬೇಕಾದವರಿಗೆ ಅದು ಎಲ್ಲರಿಗಿಂತ ದೂರವಾಗಿರುವುದು ಈಗಿನ ಪದ್ಧತಿಯ ದೊಡ್ಡ ಅನ್ಯಾಯ.

ಆದಕಾರಣ ನಮ್ಮ ಸೂಚನೆಗಳು ಹೀಗಿವೆ. ಐದು ವರ್ಷದ ಅವಧಿ ಇರಲಿ, 30ರ ಸಂಖ್ಯೆಯೂ ಇರಲಿ. ಆದರೆ ಆ ಮೂವತ್ತರಲ್ಲಿ ಅರ್ಧವನ್ನಾದರೂ ಕುಳಿತು ಕೇಳುವುದರಿಂದಲ್ಲದೆ ಬೇರೆ ರೀತಿಯಲ್ಲಿ ಗಳಿಸುವಂತಾಗಲಿ. ಒಂದು, ಪ್ರತಿ ಪಾಠದ ಕೊನೆಯಲ್ಲಿ ರೋಗಿಯ ನಿಜಸಂಗತಿಯನ್ನಾಧರಿಸಿದ ನಾಲ್ಕಾರು ಪ್ರಶ್ನೆಗಳಿರಲಿ. ಅದೇ ಪ್ರಶ್ನೆಗಳು ಆರು ತಿಂಗಳ ಮೇಲೆ ಇನ್ನೊಮ್ಮೆ ಬರಲಿ. ಅಂಚೆಯಲ್ಲಿಯೋ ಮೊಬೈಲ್ ಫೋನಿನಲ್ಲಿಯೋ ಇದನ್ನು ಮಾಡಬಹುದು. ಎರಡು, ವೈದ್ಯರು ತಮ್ಮದೇ ದಾಖಲೆಗಳಿಂದ ಕಳೆದ ಇಪ್ಪತ್ತು ರೋಗಿಗಳ ಚೀಟಿಗಳನ್ನು ತೆಗೆದು, ಒಪ್ಪಿತವಾದ ಕ್ರಮದೊಡನೆ ಹೋಲಿಸಿ, ಎಲ್ಲಿ ತಪ್ಪಿದೆವೆಂದು ಬರೆದರೆ ಅದಕ್ಕೂ ಗಂಟೆಗಳ ಲೆಕ್ಕ ಸಿಗಲಿ. ಸಭಾಂಗಣದ ಒಂದು ದಿನಕ್ಕಿಂತ ಇಂತಹ ಒಂದು ಸಂಜೆ ಹೆಚ್ಚು ಕಲಿಸಬಲ್ಲದು. ಮೂರು, ಎದೆಯೊತ್ತುವುದು, ಉಸಿರಿನ ನಳಿಕೆ ಇಡುವುದು, ಹೆರಿಗೆಯ ರಕ್ತಸ್ರಾವ ನಿಲ್ಲಿಸುವುದು ಮೊದಲಾದ ಕೈಯ ವಿದ್ಯೆಗಳನ್ನು ಬೊಂಬೆಗಳ ಮೇಲೆ ಮಾಡಿ ತೋರಿಸುವ ಏರ್ಪಾಡು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಇರಲಿ. ವೈದ್ಯರು ಗುರುವಿನ ಬಳಿಗೆ ಹೋಗಲಾಗದ ಕಡೆ ಗುರುವೇ ಬೊಂಬೆಯನ್ನು ಹೊತ್ತು ತಾಲ್ಲೂಕಿಗೆ ಬರಲಿ. ನಾಲ್ಕು, ನವೀಕರಣದ ಪಾಠಗಳ ಖರ್ಚನ್ನು ನೋಂದಣಿಯ ಶುಲ್ಕದಿಂದಲೂ ಸಾರ್ವಜನಿಕ ಹಣದಿಂದಲೂ ಭರಿಸಲಿ. ಮಾತ್ರೆ ಮಾರುವವರ ಹಂಗು ಬೇಡ.

ಉತ್ತರ ತಪ್ಪಿದವರನ್ನು ಏನು ಮಾಡಬೇಕು? ಮೊದಲ ತಪ್ಪಿಗೆ ಹೆಸರು ಹೊಡೆದುಹಾಕಿರೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ಎಲ್ಲರೂ ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ತಪ್ಪು ಎಲ್ಲಿದೆಯೆಂದು ತೋರಿಸಿ, ಕಲಿಯಲು ಕಾಲಾವಕಾಶ ಕೊಟ್ಟು, ಮತ್ತೆ ನೋಡುವುದೇ ಸರಿಯಾದ ಕ್ರಮ. ಮತ್ತೆಮತ್ತೆ ಅವಕಾಶ ಕೊಟ್ಟರೂ ಕಲಿಯಲೊಲ್ಲೆನೆನ್ನುವವರ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯಬೇಕಾಗಿಲ್ಲ. ಪರಿಷತ್ತಿನ ಪಟ್ಟಿ ಇರುವುದು ವೈದ್ಯರ ಗೌರವಕ್ಕಾಗಿ ಮಾತ್ರವೇ ಅಲ್ಲ. ಬಾಗಿಲ ಮುಂದೆ ಕಾದು ಕುಳಿತ ರೋಗಿಗೆ, ಇವರನ್ನು ನಂಬಬಹುದೆಂದು ಹೇಳುವುದಕ್ಕಾಗಿ.

ವಿದ್ಯಾರ್ಥಿಮಿತ್ರರೇ, ನೀವು ಇನ್ನೂ ಪದವಿಯ ಕಡೆಗೆ ನಡೆಯುತ್ತಿರುವವರು. ಪದವಿ ದೊರೆತ ದಿನ ಓದು ಮುಗಿಯಿತೆಂದು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವ ಸಂತೋಷವನ್ನು ಎಷ್ಟೋ ಮಂದಿ ಬಯಸುತ್ತಾರೆ. ನೀವು ವೈದ್ಯರಾಗಿರಿ, ದಾದಿಯರಾಗಿರಿ, ಎಂಜಿನಿಯರಾಗಿರಿ, ಉಪಾಧ್ಯಾಯರಾಗಿರಿ, ಇಂದು ನೀವು ಬರೆಯುತ್ತಿರುವ ಉತ್ತರಗಳಲ್ಲಿ ಕೆಲವು ನಿಮ್ಮ ಜೀವಿತಕಾಲದಲ್ಲಿಯೇ ತಪ್ಪಾಗುತ್ತವೆ. ಯಾವ ಉತ್ತರಗಳೆಂದು ಇಂದು ನಿಮ್ಮ ಗುರುಗಳಿಗೂ ತಿಳಿಯದು. ಅದಕ್ಕಾಗಿ ಹೆದರಬೇಕಾಗಿಲ್ಲ, ಬದಲಾಗುವುದೇ ವಿಜ್ಞಾನದ ಜೀವಲಕ್ಷಣ. ತಪ್ಪಾದುದು ತಪ್ಪೆಂದು ತಿಳಿದುಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡದೆ ಇಟ್ಟುಕೊಳ್ಳಬೇಕು. ಮುಂದೆ ನಿಮ್ಮ ಕೋಣೆಯ ಗೋಡೆಯ ಮೇಲೆಯೂ ಒಂದು ಪತ್ರ ತೂಗಾಡೀತು. ಅದರಲ್ಲಿರುವ ಇಸವಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಿ, ಅಂದಿನಿಂದ ಏನು ಬದಲಾಗಿದೆ, ಅದರಲ್ಲಿ ನನಗೆಷ್ಟು ತಿಳಿದಿದೆ ಎಂದು ಕೇಳಿಕೊಳ್ಳಿರಿ. ಪರಿಷತ್ತಿನ ನಿಯಮ ಐದು ವರ್ಷಕ್ಕೊಮ್ಮೆ ಕೇಳುವುದೂ ಇದನ್ನೇ.